ಬ್ರಹ್ಮಾವರದ ಸಣ್ಣ ಬೇಕರಿಗೆ ತಿಂಗಳಿಗೆ 18,000 ಕೊಟ್ಟು ಮಾರ್ಕೆಟಿಂಗ್ ಕನ್ಸಲ್ಟೆಂಟ್ ಬೇಕಾ?

ನೀವು ಕೇಳಿದ್ದು ಇಷ್ಟು: ಬ್ರಹ್ಮಾವರದಲ್ಲಿ ಸಣ್ಣ ಬೇಕರಿ ಉಂಟು, ಇಬ್ಬರು ಕೆಲಸದವರು. ಉಡುಪಿಯ ಒಬ್ಬ ಮಾರ್ಕೆಟಿಂಗ್ ಕನ್ಸಲ್ಟೆಂಟ್ ತಿಂಗಳಿಗೆ 18,000 ರೂಪಾಯಿಯಂತೆ ಆರು ತಿಂಗಳ ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಬಹುದಾ?

ಆರು ತಿಂಗಳಿಗೆ ಖಂಡಿತ ಬೇಡ. ಕನ್ಸಲ್ಟೆಂಟೇ ಬೇಡ ಅಂತ ನಾನು ಹೇಳುವುದಿಲ್ಲ. ನಾನು ಇಬ್ಬರನ್ನು ಇಟ್ಟುಕೊಂಡು ನೋಡಿದವಳು. ಒಬ್ಬರಿಂದ ದುಡ್ಡು ಹೋಯಿತು, ಇನ್ನೊಬ್ಬಳಿಂದ ಅಂಗಡಿ ಸುಧಾರಿಸಿತು.

ನಮ್ಮದು ಉಡುಪಿಯ ಕುಂಜಿಬೆಟ್ಟಿನಲ್ಲಿ ಸಣ್ಣ ಅಂಗಡಿ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಬಾಳೆಕಾಯಿ ಚಿಪ್ಸ್. ಅತ್ತೆ ಮನೆಯ ಜಗಲಿಯಲ್ಲಿ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ.

ಮೊದಲನೆಯವರು ಮಂಗಳೂರಿನವರು. ನನ್ನ ಭಾವನ ಗೆಳೆಯ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಕಡೆ ಮುಕ್ಕಾಲು ವ್ಯವಹಾರ ಹೀಗೇ ಶುರುವಾಗುವುದು. ಗುರುತಿನವರು, ಮೋಸ ಮಾಡಲಿಕ್ಕಿಲ್ಲ ಅಂತ ನಂಬುತ್ತೇವೆ. ಅವರು ಮೋಸ ಮಾಡಲೂ ಇಲ್ಲ. ಆದರೆ ಕೆಲಸ ಸರಿ ಇಲ್ಲ ಅಂತ ಅನ್ನಿಸಿದಾಗ ಬಿಡಿಸಲು ನನಗೆ ಬಾಯಿ ಬರಲಿಲ್ಲ. ಮುಂದಿನ ವಾರ ಯಾರದೋ ಮದುವೆಯಲ್ಲಿ ಎದುರು ಸಿಗುವವರಿಗೆ ಬೇಡ ಅನ್ನುವುದು ಹೇಗೆ? ಎರಡು ತಿಂಗಳಿಗೆ ಮುಗಿಯಬೇಕಾದದ್ದು ಐದು ತಿಂಗಳು ಎಳೆಯಿತು. ತಿಂಗಳಿಗೆ 15,000.

ಐದು ತಿಂಗಳಲ್ಲಿ ಆದದ್ದೇನು? ಫೇಸ್‌ಬುಕ್ಕಿನಲ್ಲಿ ದಿನಾ ಒಂದು ಪೋಸ್ಟ್. ಮಹಿಳಾ ದಿನ, ಪರಿಸರ ದಿನ, ವಿಜ್ಞಾನ ದಿನ, ಎಲ್ಲದಕ್ಕೂ ಶುಭಾಶಯ, ಕೆಳಗೆ ನಮ್ಮ ಲೋಗೋ. ವಿಜ್ಞಾನ ದಿನಕ್ಕೂ ಹಪ್ಪಳಕ್ಕೂ ಎಂತ ಸಂಬಂಧ ಮಾರಾಯ್ರೆ? ಯುಗಾದಿಗೆ ಬೇವು ಬೆಲ್ಲದ ಚಿತ್ರ ಬಂತು. ನಮ್ಮ ತುಳುನಾಡಿನ ಹೊಸ ವರ್ಷ ಬಿಸುವಿಗೆ ಏನೂ ಇಲ್ಲ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಕಣಿ ಇಟ್ಟು ಬಿಸು ಆಚರಿಸುವವರು. ಆಗಲೇ ನನಗೆ ಗೊತ್ತಾಗಬೇಕಿತ್ತು. ಆಫೀಸು ಮಂಗಳೂರಿನಲ್ಲಿ, ಪೋಸ್ಟ್ ಮಾತ್ರ ಎಲ್ಲಿಂದಲೋ ಬಂದ ರೆಡಿಮೇಡ್ ಸರಕು. ಲೋಕಲ್ ಅನ್ನುವುದು ಬೋರ್ಡಿನಲ್ಲಿ ಮಾತ್ರ ಇತ್ತು.

ಇದಾದರೂ ಸುಮ್ನೆ ದಂಡ ಖರ್ಚು ಅಷ್ಟೆ. ನಿಜವಾದ ಪೆಟ್ಟು ಬಿದ್ದದ್ದು ಜೂನಿನಲ್ಲಿ. ಹಪ್ಪಳಕ್ಕೆ ಶೇ. 20 ರಿಯಾಯಿತಿ ಅಂತ ಹತ್ತು ದಿನ ಜಾಹೀರಾತು ಓಡಿಸಿದರು. ಮಾರಾಟ ಚೆನ್ನಾಗಿಯೇ ಆಯಿತು. ಕ್ಯಾಂಪೇನ್ ಸಕ್ಸೆಸ್ ಮೇಡಂ ಅಂತ ಮೆಸೇಜ್ ಕೂಡ ಬಂತು. ಆದರೆ ಹಲಸಿನ ಹಪ್ಪಳ ಬೇಕಾದಾಗಲೆಲ್ಲ ಮಾಡುವ ವಸ್ತು ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಕಾಯಿ ಬೆಳೆದಾಗ ಬೇಯಿಸಿ, ರುಬ್ಬಿ, ಒತ್ತಿ, ಬಿಸಿಲಿಗೆ ಹಾಕಬೇಕು. ಮಳೆ ಹಿಡಿಯಿತು ಅಂದರೆ ಮುಗಿಯಿತು. ಆಮೇಲೆ ಇಡೀ ವರ್ಷ ಡಬ್ಬದಲ್ಲಿ ಇದ್ದದ್ದೇ ಲೆಕ್ಕ. ಆಟಿ ತಿಂಗಳ (ಜುಲೈ, ಆಗಸ್ಟ್ ಹೊತ್ತಿನ) ಮಳೆಯಲ್ಲಿ ಗಂಜಿ ಜೊತೆ ಸುಟ್ಟು ತಿನ್ನಲು ಜನ ಹುಡುಕಿಕೊಂಡು ಬರುತ್ತಾರೆ, ಹೇಳಿದ ರೇಟ್ ಕೊಡುತ್ತಾರೆ. ಆ ವರ್ಷ ಅವರು ಬರುವ ಹೊತ್ತಿಗೆ ನಮ್ಮಲ್ಲಿ ಅರ್ಧ ಸ್ಟಾಕ್ ಖಾಲಿ. ಹೇಗೂ ಪೂರ್ತಿ ಬೆಲೆಗೆ ಹೋಗುತ್ತಿದ್ದ ಮಾಲನ್ನು ನಾನೇ ದುಡ್ಡು ಕೊಟ್ಟು ಕಡಿಮೆ ಬೆಲೆಗೆ ಮಾರಿಸಿದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಖಾಲಿ ಡಬ್ಬದ ಮುಚ್ಚಳ ಮಾತ್ರ ಸ್ವಲ್ಪ ಜೋರಾಗಿ ಹಾಕಿದರು.

ಆ ಐದು ತಿಂಗಳಲ್ಲಿ ಅವರು ಒಮ್ಮೆಯೂ ಕೇಳದ ಪ್ರಶ್ನೆ: ನೀವು ಎಷ್ಟು ಮಾಡಬಲ್ಲಿರಿ? ನಿಮ್ಮ ಕನ್ಸಲ್ಟೆಂಟ್ ಇದನ್ನು ಕೇಳಿದ್ದಾರಾ? ಇಬ್ಬರು ಕೆಲಸದವರ ಬೇಕರಿಯಲ್ಲಿ ಒಂದು ಶನಿವಾರಕ್ಕೆ ಎಷ್ಟು ಕೇಕ್ ಆಗುತ್ತದೆ, ಓವನ್ ಎಷ್ಟು ಹಿಡಿಯುತ್ತದೆ ಅಂತ ತಿಳಿಯದೆ ಗಿರಾಕಿ ತರುತ್ತೇನೆ ಅನ್ನುವವರನ್ನು ನಾನಾದರೆ ಅಲ್ಲೇ ಕಳಿಸುತ್ತೇನೆ.

ಗೂಗಲ್ ರಿವ್ಯೂ ವಿಷಯವೂ ಹೇಳಿಬಿಡುತ್ತೇನೆ. ಆ ಮಂಗಳೂರಿನವರು ಇದ್ದಾಗ ಒಂದೇ ವಾರದಲ್ಲಿ ನಮಗೆ ಐದು ಸ್ಟಾರಿನ ನಲವತ್ತು ರಿವ್ಯೂ ಬಂದವು. ನಾನು ಖುಷಿಯಲ್ಲಿ ಓದುತ್ತಾ ಕೂತೆ. ಒಬ್ಬರು ಬರೆದಿದ್ದರು, ರೂಮು ತುಂಬಾ ಸ್ವಚ್ಛ, ಸ್ಟಾಫ್ ಒಳ್ಳೆಯವರು ಅಂತ. ಹಪ್ಪಳದ ಅಂಗಡಿಯಲ್ಲಿ ರೂಮು! ಸ್ವಲ್ಪ ದಿನಕ್ಕೆ ಗೂಗಲ್ ಅವನ್ನು ತೆಗೆದುಹಾಕಿತು. ನಮ್ಮ ನಿಜವಾದ ಗಿರಾಕಿಗಳು ಬರೆದ ಕೆಲವೂ ಜೊತೆಗೆ ಹೋದವು. ಸುಳ್ಳು ರಿವ್ಯೂ ಗೂಗಲ್‌ನ ನಿಯಮಕ್ಕೆ ವಿರುದ್ಧ. ಡಿಸ್ಕೌಂಟ್ ಕೊಟ್ಟು ರಿವ್ಯೂ ಬರೆಸುವುದೂ ವಿರುದ್ಧವೇ.

ಬಿಡಿಸುವಾಗ ಕೊನೆಯ ಪಾಠ. ಗೂಗಲ್ ಮ್ಯಾಪಿನಲ್ಲಿರುವ ನಮ್ಮ ಅಂಗಡಿಯ ಪ್ರೊಫೈಲನ್ನು ಅವರು ತಮ್ಮ ಜಿಮೇಲಿನಲ್ಲಿ ಮಾಡಿದ್ದರು. ನಮ್ಮ ಅಂಗಡಿ, ನಮ್ಮ ಫೋಟೋ, ಒಡೆತನ ಅವರದ್ದು. ಓನರ್‌ಶಿಪ್ ಕೇಳಿ ರಿಕ್ವೆಸ್ಟ್ ಹಾಕಿ, ಕಾದು, ಫೋನ್ ಮಾಡಿ, ಕೊನೆಗೆ ಭಾವನಿಂದ ಹೇಳಿಸಿ ಬಿಡಿಸಿಕೊಂಡೆ. ಆದ್ದರಿಂದ ನೀವು ಯಾರನ್ನೇ ಇಟ್ಟುಕೊಳ್ಳಿ, ಮೊದಲು ನಿಮ್ಮ ಜಿಮೇಲಿನಲ್ಲಿ ನೀವೇ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕನ್ಸಲ್ಟೆಂಟನ್ನು ಮ್ಯಾನೇಜರ್ ಅಂತ ಸೇರಿಸಿ, ಸಾಕು. ಮ್ಯಾನೇಜರನ್ನು ಯಾವಾಗ ಬೇಕಾದರೂ ತೆಗೆಯಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೇಜ್, ಜಾಹೀರಾತಿನ ಅಕೌಂಟ್, ವೆಬ್‌ಸೈಟ್ ಇದ್ದರೆ ಅದರ ಡೊಮೇನ್, ಎಲ್ಲಕ್ಕೂ ಇದೇ ಮಾತು. ಅಂಗಡಿ ಕೀಲಿಕೈ ಯಾರ ಸೊಂಟದಲ್ಲಿ ಇರಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮ್ಯಾಪಿನಲ್ಲಿ ಮೊದಲನೇ ಸ್ಥಾನಕ್ಕೆ ತರುತ್ತೇನೆ, ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಸ್ಥಾನವನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಅಂತ ಗೂಗಲೇ ಹೇಳುತ್ತದೆ. ಹುಡುಕುವವರು ಕೇಳಿದ್ದಕ್ಕೆ ನಿಮ್ಮ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರು ಮಾಡಿದೆ, ಮುಖ್ಯವಾಗಿ ಈ ಮೂರು ನೋಡುತ್ತದಂತೆ. ಮಲ್ಪೆಯಲ್ಲಿ ನಿಂತು ಬೇಕರಿ ಹುಡುಕುವವನಿಗೆ ಬ್ರಹ್ಮಾವರದ ಬೇಕರಿ ಯಾಕೆ ಮೊದಲು ಬರಬೇಕು ಹೇಳಿ.

ಎರಡನೆಯವಳ ಕಥೆ. ಕಾಪುವಿನ ಹುಡುಗಿ, ಬೆಂಗಳೂರಿನಲ್ಲಿ ಜಾಹೀರಾತು ಕಂಪನಿಯಲ್ಲಿದ್ದು ಊರಿಗೆ ವಾಪಸ್ ಬಂದವಳು. ತಿಂಗಳ ಲೆಕ್ಕ ಬೇಡ ಅಕ್ಕ, ಮೊದಲು ಒಂದು ಸಲ ನೋಡಿ ವರದಿ ಕೊಡುತ್ತೇನೆ, 6,000 ಕೊಡಿ ಅಂದಳು. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಒಂದು ಶನಿವಾರ ಮಧ್ಯಾಹ್ನದಿಂದ ರಾತ್ರಿವರೆಗೆ ಗಲ್ಲೆಯ ಪಕ್ಕ ಸ್ಟೂಲ್ ಹಾಕಿ ಕೂತಳು. ಬಂದವರು ಏನು ಕೇಳಿದರು, ಏನು ತೆಗೆದುಕೊಂಡರು, ಏನು ಮುಟ್ಟಿ ಬಿಟ್ಟು ಹೋದರು, ಎಲ್ಲ ಪುಸ್ತಕದಲ್ಲಿ ಬರೆದಳು.

ಸಂಜೆಗೆ ನನಗೇ ಗೊತ್ತಿಲ್ಲದ ನನ್ನ ಅಂಗಡಿ ಕಾಣಿಸಿತು. ನಾನು ಊರಿನ ಮನೆಯವರೇ ನಮ್ಮ ಗಿರಾಕಿ ಅಂದುಕೊಂಡಿದ್ದೆ. ಆರು ಗಂಟೆ ಮೇಲೆ ಬಂದವರಲ್ಲಿ ಹೆಚ್ಚಿನವರು ರಾತ್ರಿ ಬಸ್ಸಿಗೆ ಹೋಗುವವರು, ಇಲ್ಲ ಬೆಂಗಳೂರು, ಮುಂಬೈಯಲ್ಲಿರುವ ಮಕ್ಕಳಿಗೆ ಪಾರ್ಸೆಲ್ ಕಟ್ಟುವವರು. ಅವರು ಕೇಳಿದ್ದು ರುಚಿಯ ವಿಷಯ ಅಲ್ಲ. ಉಪ್ಪಿನಕಾಯಿ ಬ್ಯಾಗಿನಲ್ಲಿ ಸೋರುತ್ತದಾ, ಹಪ್ಪಳ ಪುಡಿ ಆಗುತ್ತದಾ ಅಂತ. ನಾವೋ ಎಂಟು ಗಂಟೆಗೆ ಬಾಗಿಲು ಹಾಕುತ್ತಿದ್ದೆವು!

ಎರಡು ಪುಟದ ವರದಿ ಕೊಟ್ಟಳು. ಉಪ್ಪಿನಕಾಯಿಗೆ ಒಳಮುಚ್ಚಳ ಇರುವ ಬಾಟಲಿ. ಹಪ್ಪಳಕ್ಕೆ ರಟ್ಟಿನ ಪೆಟ್ಟಿಗೆ. ಬಾಗಿಲು ಒಂಬತ್ತೂವರೆವರೆಗೆ. ಮ್ಯಾಪಿನಲ್ಲಿ ನಮ್ಮ ಗುರುತು ಹಿಂದಿನ ಓಣಿಯಲ್ಲಿ ಬಿದ್ದಿತ್ತು, ಅದನ್ನು ಸರಿ ಮಾಡಿಸಿದಳು. ಇನ್ನೊಂದು, ವಾಟ್ಸಾಪ್. ನಾನು ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಹಬ್ಬದ ಮೆಸೇಜ್ ಕಳಿಸುತ್ತಿದ್ದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ ಅಂತ ಆವತ್ತೇ ಗೊತ್ತಾದದ್ದು. ಈಗ ಬಿಲ್ ಕೊಡುವಾಗಲೇ ಸೇವ್ ಮಾಡಿಕೊಳ್ಳಿ ಅಂತ ಹೇಳುತ್ತೇವೆ. ಆಮೇಲೆ ನಾಲ್ಕು ತಿಂಗಳು ತಿಂಗಳಿಗೆ 4,000 ಕೊಟ್ಟೆ. ಅತ್ತೆ ತುಳುವಿನಲ್ಲಿ ಮಾತಾಡುತ್ತಾ ಹಪ್ಪಳ ಒತ್ತುವ ವಿಡಿಯೋ ಮಾಡಿದಳು, ಬೇರೆ ಅಲಂಕಾರ ಏನೂ ಇಲ್ಲ. ಅದನ್ನು ನೋಡಿ ಮುಂಬೈಯಿಂದ ಫೋನ್ ಬಂದದ್ದು ಜಾಸ್ತಿ.

ಅವಳು ಇನ್ನೊಂದು ಲೆಕ್ಕ ಕೇಳಿದಳು. ವರ್ಷಕ್ಕೆ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಯಕ್ಷಗಾನ ಬಯಲಾಟ, ಗಣೇಶೋತ್ಸವ, ಮೊಸರು ಕುಡಿಕೆಯ ಫ್ಲೆಕ್ಸ್, ಇದಕ್ಕೆಲ್ಲ ಎಷ್ಟು ಕೊಡುತ್ತೀರಿ? ಕೂಡಿಸಿದರೆ 34,000 ದಾಟಿತು. ಅದನ್ನು ನಿಲ್ಲಿಸಿ ಅನ್ನಲಿಲ್ಲ. ಊರಿನಲ್ಲಿ ಬದುಕಬೇಕಲ್ವಾ. ಆದರೆ ಅದು ಜಾಹೀರಾತಿನ ಲೆಕ್ಕ ಅಲ್ಲ ಅಕ್ಕ, ಊರಿನ ಲೆಕ್ಕ, ಬೇರೆ ಪುಸ್ತಕದಲ್ಲಿ ಬರೆಯಿರಿ ಅಂದಳು. ಬೇರೆ ಬರೆದ ಮೇಲೆ ನಮ್ಮ ಓಣಿಗೆ ಸಂಬಂಧವೇ ಇಲ್ಲದ ಎಷ್ಟೋ ಫ್ಲೆಕ್ಸಿನಲ್ಲಿ ನನ್ನ ಫೋಟೋ ಇದ್ದದ್ದು ಗೊತ್ತಾಯಿತು.

ಈಗ ನಿಮ್ಮ 18,000. ನಿಮಗೆ ನೂರು ರೂಪಾಯಿ ಮಾರಾಟದಲ್ಲಿ ಖರ್ಚು ಕಳೆದು 30 ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾದರೆ ಅವರ ಫೀಸು ಹುಟ್ಟಲಿಕ್ಕೇ ತಿಂಗಳಿಗೆ 60,000 ರೂಪಾಯಿ ಹೆಚ್ಚಿನ ಮಾರಾಟ ಬೇಕು. ದಿನಕ್ಕೆ 2,000. ಅವರು ಜಿಎಸ್‌ಟಿ ಹಾಕುವವರಾದರೆ ಶೇ. 18 ಸೇರಿ 21,240 ಆಗುತ್ತದೆ. ನೀವು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ, ಅಂದರೆ ಸಣ್ಣ ವ್ಯಾಪಾರಿಗಳು ಒಟ್ಟು ಮಾರಾಟದ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ವ್ಯವಸ್ಥೆಯಲ್ಲಿದ್ದರೆ, ಆ ಶೇ. 18 ವಾಪಸ್ ಸಿಗುವುದಿಲ್ಲ. ಫೇಸ್‌ಬುಕ್, ಗೂಗಲ್ ಜಾಹೀರಾತಿಗೆ ಕಟ್ಟುವ ದುಡ್ಡು ಇದರಲ್ಲಿ ಸೇರಿದೆಯಾ, ಬೇರೆಯಾ ಅಂತ ಕೇಳಿ. ಸಾಮಾನ್ಯವಾಗಿ ಬೇರೆ. ಅದನ್ನು ಅವರ ಕೈಗೆ ಕೊಡಬೇಡಿ, ನಿಮ್ಮ ಕಾರ್ಡಿನಿಂದಲೇ ಹೋಗಲಿ. ಎಷ್ಟು ಹೋಯಿತು ಅಂತ ನಿಮ್ಮ ಫೋನಿನಲ್ಲೇ ಕಾಣುತ್ತದೆ.

ವರದಿಯಲ್ಲಿ ಲೈಕ್, ರೀಚ್ (ಪೋಸ್ಟ್ ಎಷ್ಟು ಜನರಿಗೆ ಕಾಣಿಸಿತು) ಅಂತ ತೋರಿಸಿದರೆ ನೋಡಿ, ಚಂದ ಉಂಟು ಅನ್ನಿ, ಬದಿಗಿಡಿ. ಮ್ಯಾಪಿನಿಂದ ಎಷ್ಟು ಕರೆ ಬಂತು, ಎಷ್ಟು ಜನ ದಾರಿ ಕೇಳಿದರು ಅನ್ನುವುದು ಪ್ರೊಫೈಲಿನಲ್ಲೇ ಸಿಗುತ್ತದೆ. ಅದಕ್ಕಿಂತಲೂ ಒಳ್ಳೆಯದು ಗಲ್ಲೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಹೊಸ ಮುಖ ಬಂದಾಗ ನಮ್ಮ ಅಂಗಡಿ ಹೇಗೆ ಗೊತ್ತಾಯಿತು ಅಂತ ಕೇಳಿ ಗೀಟು ಹಾಕುವುದು. ಇದನ್ನು ಕನ್ಸಲ್ಟೆಂಟ್ ಬರುವ ಮೊದಲು ಎರಡು ವಾರ ಮಾಡಿ. ಇಲ್ಲದಿದ್ದರೆ ಆಮೇಲೆ ಹೆಚ್ಚಾದದ್ದು ಎಷ್ಟು ಅಂತ ಗೊತ್ತಾಗುವುದೇ ಇಲ್ಲ, ಮದುವೆ ಸೀಸನ್ನಿನ ಕೇಕನ್ನೂ ಅವರು ತಮ್ಮ ಲೆಕ್ಕಕ್ಕೆ ಬರೆಯುತ್ತಾರೆ.

ಅವರ ಹಳೆ ಗಿರಾಕಿ ಒಬ್ಬರ ಹತ್ತಿರ ಮಾತಾಡಿ. ಈಗ ಇರುವವರು ಬೇಡ, ಬಿಟ್ಟು ಹೋದವರು. ಬ್ರಹ್ಮಾವರದಲ್ಲಿ ಬೇರೆ ಬೇಕರಿಗೂ ಕೆಲಸ ಮಾಡುತ್ತಾರಾ ಅಂತಲೂ ಕೇಳಿ. ಸಣ್ಣ ಊರಿನಲ್ಲಿ ಇದು ಸಾಮಾನ್ಯ. ಎರಡೂ ಕಡೆ ಒಂದೇ ಐಡಿಯಾ ಮಾರಿದರೆ ನಿಮಗೇನು ಉಳಿಯಿತು?

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಹೇಳುತ್ತಿದ್ದೆ: ಮೊದಲು ಒಂದು ಸಲದ ಕೆಲಸ, ಅದಕ್ಕೊಂದು ರೇಟ್, ಶನಿವಾರ ಪೂರ್ತಿ ಬೇಕರಿಯಲ್ಲಿ ಕೂತು ನೋಡಿ ಬರೆದುಕೊಡಿ. ಒಪ್ಪಿಗೆ ಆದರೆ ಆಮೇಲೆ ತಿಂಗಳು ತಿಂಗಳು, ಹದಿನೈದು ದಿನದ ನೋಟಿಸಿನಲ್ಲಿ ಇಬ್ಬರೂ ಬಿಡಬಹುದು. ಕೂತು ನೋಡಲು ಪುರುಸೊತ್ತಿಲ್ಲ ಅಂದರೆ ಅವರು ಬೇಡ. ಪುರುಸೊತ್ತು ಮಾಡಿಕೊಂಡು ಬಂದರೆ 18,000ಕ್ಕೂ ಯೋಚನೆ ಮಾಡಬಹುದು, ಚೌಕಾಸಿ ಮಾಡಿ.

ಈ ವಾರ ದುಡ್ಡಿಲ್ಲದೆ ಆಗುವ ಎರಡು ಕೆಲಸ ಉಂಟು. ಎಗ್‌ಲೆಸ್ ಕೇಕ್ ಮಾಡುತ್ತೀರಾದರೆ ಪ್ರೊಫೈಲಿನಲ್ಲಿ ಅದನ್ನು ಫೋಟೋ ಸಮೇತ ಹಾಕಿ, ನಮ್ಮ ಕಡೆ ಅದನ್ನು ಕೇಳುವವರು ತುಂಬಾ. ಇನ್ನೊಂದು, ಮ್ಯಾಪಿನಲ್ಲಿ ನಿಮ್ಮ ಬೇಕರಿ ಭಾನುವಾರ ಮುಚ್ಚಿದೆ ಅಂತ ತೋರಿಸುತ್ತಿದೆಯಾ ಒಮ್ಮೆ ನೋಡಿ. ಬೆಳಗ್ಗೆ ಇಗರ್ಜಿ ಮುಗಿಸಿ ಬರುವವರೂ ಹೈವೇಯಲ್ಲಿ ಕುಂದಾಪುರಕ್ಕೆ ಹೋಗುವವರೂ ಅದನ್ನು ನೋಡಿಯೇ ಮುಂದೆ ಹೋಗುತ್ತಿರಬಹುದು.