ಹೋದ ಸಲ ಸೋತ ತಂಡದ ಎದುರೇ ಮತ್ತೆ ಪಂದ್ಯ: ಹುಡುಗರನ್ನು ಹೇಗೆ ತಯಾರು ಮಾಡಲಿ?

ಫುಟ್‌ಬಾಲ್‌ನಲ್ಲಿ ಗದಗದ ತಂಡಕ್ಕೆ 3-1ರಲ್ಲಿ ಸೋತಿದ್ದೀರಿ, ಈಗ ಮತ್ತೆ ಅವರೇ ಎದುರು. ಆ ಮೂರು ಗೋಲು ಹೇಗೆ ಬಂದವು ಅಂತ ಮೊದಲು ಹುಡುಗರನ್ನೇ ಕೇಳಿ. ಧಾರವಾಡದಲ್ಲಿ ನಾನೂ ಹೀಗೇ ಸೋತಾಗ, ಡಿಫೆನ್ಸ್ ನಿಧಾನ ಅಂದುಕೊಂಡಿದ್ದೆ. ನಮ್ಮ ಗೋಲಿ ಹೇಳಿದ, "ಸರ, ಎರಡು ಗೋಲು ನಮ್ಮ ಕಾರ್ನರ್ ಆದಮ್ಯಾಲೇ ಬಂದಾವ್ರಿ." ನಿಜ. ನಮಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಕಿಕ್, ಸಿಕ್ಕಾಗ ಎಲ್ಲರೂ ಮುಂದೆ ನುಗ್ಗಿ, ಹಿಂದೆ ಒಬ್ಬನೇ ಉಳಿಯುತ್ತಿದ್ದ. ಆ ವಾರ ಅದೊಂದನ್ನೇ ತಿದ್ದಿದೆವು: ನಮ್ಮ ಕಾರ್ನರ್ ಇದ್ದಾಗ ಇಬ್ಬರು ಸೆಂಟರ್ ಲೈನ್ ಹತ್ತಿರ, ಒಬ್ಬ ಎದುರಾಳಿಯ ಪೆನಾಲ್ಟಿ ಬಾಕ್ಸ್ ಹೊರಗೆ.

ಗದಗದವರ ವೇಗದ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವ) ಬಗ್ಗೆ ಸುಮ್ನೆ ಹೆದರಿಸಬೇಡಿ. ಅವನನ್ನು ಒಳಗೆ ಬಿಡದೆ ಸೈಡ್ ಲೈನ್ ಕಡೆ ತಳ್ಳಿದರೆ ಸಾಕು. ಅವರೂ ನಿಮ್ಮ ಆಟ ನೋಡಿದ್ದಾರೆ ಅಲ್ವಾ? ಫ್ರೀ ಕಿಕ್ ಒಂದನ್ನಾದರೂ ಬದಲಿಸಿ. ಮಳೆ ಬಂದರೆ ನಮ್ಮ ಎರೆ ಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತದೆ, ನೆಲದ ಪಾಸ್ ಅರ್ಧಕ್ಕೇ ನಿಲ್ಲುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಡುಗರು ಕುಗ್ಗಿದ್ದರೆ 1954ರ ವಿಶ್ವಕಪ್ ಕಥೆ ಹೇಳಿ. ಗುಂಪಿನ ಪಂದ್ಯದಲ್ಲಿ ಹಂಗೇರಿಗೆ 8-3ರಲ್ಲಿ ಸೋತ ಪಶ್ಚಿಮ ಜರ್ಮನಿ, ಫೈನಲ್‌ನಲ್ಲಿ ಅವರನ್ನೇ 3-2ರಲ್ಲಿ ಸೋಲಿಸಿತು. ಆ ಸೋತ ಪಂದ್ಯದಲ್ಲಿ ಜರ್ಮನಿಯ ಕೋಚ್ ಹೆರ್ಬರ್ಗರ್ ಹಲವು ಮುಖ್ಯ ಆಟಗಾರರನ್ನು ಆಡಿಸಿರಲಿಲ್ಲ ಅನ್ನೋದನ್ನೂ ಸೇರಿಸಿ. ಇಲ್ಲಾಂದ್ರೆ ಹುಡುಗರು ಪವಾಡ ಅಂದುಕೊಳ್ಳುತ್ತಾರೆ.