‘ಗಗನ ಗರುಡ’ ಕಥೆ ಕಳುಹಿಸಿದವರಿಗೆ

ಪ್ರಿಯ ಲೇಖಕರೆ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಕಾಗುಣಿತದ ತಪ್ಪುಗಳಿಲ್ಲ, ವಸ್ತುವಿನ ಆಯ್ಕೆಯೂ ಹೊಸದು. 1939ರ ಅಕ್ಟೋಬರ್ 16ರಂದು ಸ್ಕಾಟ್ಲೆಂಡಿನ ಫೋರ್ತ್ ಕೊಲ್ಲಿಯಲ್ಲಿದ್ದ ಬ್ರಿಟಿಷ್ ಯುದ್ಧನೌಕೆಗಳ ಮೇಲೆ ಜರ್ಮನಿಯ ಯುಂಕರ್ಸ್ 88 ಬಾಂಬರ್‌ಗಳು ಎರಗಿದ್ದು, ಎಡಿನ್‌ಬರೋದ 603ನೆಯ ಸ್ಕ್ವಾಡ್ರನ್ನಿನ (ವಿಮಾನದಳದ) ಪೈಲಟ್ ಪ್ಯಾಟ್ರಿಕ್ ಗಿಫರ್ಡ್ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ ಏರಿ ಅವುಗಳಲ್ಲೊಂದನ್ನು ಕಡಲಿಗೆ ಕೆಡವಿದ್ದು ಕನ್ನಡದಲ್ಲಿ ಕಥೆಯಾದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ. ಮೆಚ್ಚುಗೆಯ ಮಾತು ಇಲ್ಲಿಗೆ ಸಾಕು. ಎರಡು ದಿನ ನನಗೆ ಕಿರಿಕಿರಿ ಮಾಡಿದ ಎರಡು ಜಾಗಗಳಿಗೆ ಬರುತ್ತೇನೆ.

ನಿಮ್ಮ ಮೊದಲ ವಾಕ್ಯ: “ಸಹಾಯಕ ವಾಯುಪಡೆಯ ಆ ವೀರಯೋಧನ ರಕ್ತ ಕುದಿಯಿತು.” ‘ಸಹಾಯಕ’ ಎಂದೊಡನೆ ನಮ್ಮ ಓದುಗರ ಕಣ್ಣಿಗೆ ಪೆಟ್ರೋಲಿನ ಡಬ್ಬ ಹೊತ್ತು ವಿಮಾನದ ಹಿಂದೆ ಓಡುವವನು ಕಾಣುತ್ತಾನೆ, ನೀವೋ ಆ ಪದದ ಅರ್ಥವನ್ನು ಕೊನೆಯ ಪುಟದವರೆಗೂ ಬಿಚ್ಚುವುದೇ ಇಲ್ಲ. 1924ರಲ್ಲಿ ಆರಂಭವಾದ ಆ ಪಡೆಯವರು ವಾರವೆಲ್ಲ ತಂತಮ್ಮ ಕಸುಬು ಮಾಡಿಕೊಂಡು ವಾರಾಂತ್ಯದಲ್ಲಿ ಹಾರಾಟ ಕಲಿತವರು, ವರ್ಷಕ್ಕೊಮ್ಮೆ ಹದಿನೈದು ದಿನ ಶಿಬಿರಕ್ಕೆ ಹೋದವರು. ಗಿಫರ್ಡ್ ಕ್ಯಾಸಲ್ ಡಗ್ಲಸ್ ಎಂಬ ಸಣ್ಣ ಊರಿನ ವಕೀಲ. ಅದೇ ದಿನ ಇನ್ನೊಂದು ಬಾಂಬರನ್ನು ಉರುಳಿಸಿದ ಗ್ಲ್ಯಾಸ್ಗೋದ 602ನೆಯ ಸ್ಕ್ವಾಡ್ರನ್ನಿನ ಜಾರ್ಜ್ ಪಿಂಕರ್ಟನ್ ಬೇಸಾಯಗಾರ. 603ರವರ ಕೈಗೆ ಸ್ಪಿಟ್‌ಫೈರ್ ಬಂದದ್ದೇ ಆ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಅವರು ಹಾರಿಸುತ್ತಿದ್ದದ್ದು ಮೇಲೊಂದು ಕೆಳಗೊಂದು ರೆಕ್ಕೆಯ ಗ್ಲ್ಯಾಡಿಯೇಟರ್. ಬೇಸಿಗೆಯವರೆಗೆ ಕಕ್ಷಿದಾರರ ಕಾಗದಪತ್ರ ನೋಡುತ್ತಿದ್ದ ಕೈ, ತಿಂಗಳಷ್ಟೇ ಬಳಕೆಯ ಯಂತ್ರದ ಮೇಲಿದೆ. ಇಷ್ಟನ್ನೂ ನಿಮ್ಮ ‘ವೀರಯೋಧ’ ಎಂಬ ಒಂದೇ ಪದ ನುಂಗಿ ನೀರು ಕುಡಿದಿದೆ.

ಇನ್ನು ಮೂರನೆಯ ಪುಟ. “ಏಕಾಂಗಿಯಾಗಿ ನುಗ್ಗಿದ ಅವನು ಹತ್ತು ನಿಮಿಷ ಎಡೆಬಿಡದೆ ಗುಂಡಿನ ಮಳೆಗರೆದನು. ಗರುಡನು ಸರ್ಪವನ್ನು ಕುಕ್ಕುವಂತೆ ಕುಕ್ಕಿದನು.” ‘ಏಕಾಂಗಿ’ ತಪ್ಪು, ಗಿಫರ್ಡ್ ತನ್ನ ತುಕಡಿಯನ್ನು ಮುನ್ನಡೆಸುತ್ತಿದ್ದ, ಜೊತೆಯವರೂ ಗುಂಡು ಹಾರಿಸಿದ್ದರು. ‘ಹತ್ತು ನಿಮಿಷ’ವಂತೂ ನನ್ನ ನಿದ್ದೆ ಕೆಡಿಸಿತು. ಆ ಸ್ಪಿಟ್‌ಫೈರಿನ ರೆಕ್ಕೆಗಳಲ್ಲಿ ಎಂಟು ಬ್ರೌನಿಂಗ್ ಬಂದೂಕುಗಳು, ಒಂದೊಂದಕ್ಕೆ ಸುಮಾರು 300 ಗುಂಡು. ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಗುಂಡು ಉಗುಳುವ ಬಂದೂಕಿಗೆ ಅದು ಎಷ್ಟು ಹೊತ್ತಿನ ಬಾಬತ್ತೆಂದು ನೀವೇ ಲೆಕ್ಕ ಹಾಕಿ: ಹದಿನೈದು ಸೆಕೆಂಡಿನ ಆಸುಪಾಸು. ಅದಕ್ಕೇ ಪೈಲಟ್‌ಗಳು ಎರಡು ಸೆಕೆಂಡು, ಮೂರು ಸೆಕೆಂಡು ಗುಂಡಿ ಒತ್ತಿ ಬೆರಳು ತೆಗೆಯುತ್ತಿದ್ದರು. ಮುಗಿದುಹೋಗುವ ಭಯವೇ ಇಲ್ಲದ ಬಂದೂಕನ್ನು ನೀವು ಅವನ ಕೈಗಿಟ್ಟಿದ್ದರಿಂದ ಆ ಪುಟದಲ್ಲಿ ನನಗೆ ಅವನ ಬಗ್ಗೆ ಒಂದು ಕ್ಷಣವೂ ಆತಂಕವಾಗಲಿಲ್ಲ. ಗರುಡನ ತಂಟೆಗೆ ನಾನು ಹೋಗುವುದಿಲ್ಲ. ಹದಿನೈದು ಸೆಕೆಂಡು ಒಳಗೆ ಬಂದರೆ ಅವನು ತಾನಾಗಿ ಹಾರಿಹೋಗುತ್ತಾನೆ.

ನಾನು ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಕೆಲಸ ಕಲಿಯುವ ದಿನಗಳಲ್ಲಿ, ಮಲೆನಾಡಿನ ಒಂದು ವಾರಪತ್ರಿಕೆಯಲ್ಲಿ, ಅಡಿಕೆ ಮಂಡಿಯೊಂದಕ್ಕೆ ಬೆಂಕಿ ಬಿದ್ದ ವರದಿಯನ್ನು ಬರೆದೆ: “ಅಗ್ನಿಶಾಮಕ ದಳದವರು ಗಂಟೆಗಟ್ಟಲೆ ನೀರೆರಚಿ ಬೆಂಕಿಯೊಡನೆ ಸೆಣಸಿದರು.” ಹಿರಿಯ ಉಪಸಂಪಾದಕರು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದದ್ದು ಇಷ್ಟೇ: “ಟ್ಯಾಂಕಿನಲ್ಲಿ ನೀರೆಷ್ಟು?” ಮುಖ ಊದಿಸಿಕೊಂಡು ಸೈಕಲ್ ತುಳಿದು ಠಾಣೆಗೆ ಹೋದೆ. ಚಾಲಕ ನಕ್ಕುಬಿಟ್ಟ. “ಗಂಟೆಗಟ್ಟಲೆಯಾ? ಪೈಪು ಪೂರ್ತಿ ಬಿಟ್ಟರೆ ಕೆಲವೇ ನಿಮಿಷ ಸ್ವಾಮಿ. ಆಮೇಲೆ ಕೆರೆಗೆ ಓಡಬೇಕು.” ಗಾಡಿ ಕೆರೆಗೆ ಹೋಗಿ ಬರುವ ತನಕ ಪಕ್ಕದ ಕೇರಿಯ ಹೆಂಗಸರು ಸಾಲಾಗಿ ನಿಂತು ಕೊಡದ ಮೇಲೆ ಕೊಡ ದಾಟಿಸಿದ್ದರಂತೆ. ವರದಿ ಅಲ್ಲಿತ್ತು, ನಾನು ಅದನ್ನು ‘ಗಂಟೆಗಟ್ಟಲೆ’ಯ ಅಡಿಯಲ್ಲಿ ಹೂತುಹಾಕಿದ್ದೆ. ತಿದ್ದಿದ ಪ್ರತಿಯನ್ನು ಕೊಟ್ಟಾಗ ಅವರು ಓದಿ, ಏನೂ ಹೇಳದೆ ಅಚ್ಚಿಗೆ ಕಳುಹಿಸಿದರು. ಹೊಗಳಲಿಲ್ಲವೆಂದು ವಾರವಿಡೀ ಸಿಟ್ಟಿತ್ತು.

ನಿಮ್ಮ ಕಥೆಯಲ್ಲೂ ಅಂಥ ಕೊಡಗಳಿವೆ. ಆ ಮಧ್ಯಾಹ್ನ ಎಡಿನ್‌ಬರೋದಲ್ಲಿ ಸೈರನ್ ಮೊಳಗಲೇ ಇಲ್ಲ. ಜನ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಕಡಲಿಗೆ ಬಿದ್ದ ಜರ್ಮನ್ನರಲ್ಲಿ ಬದುಕಿದವರನ್ನು ಮೀನುಗಾರರ ದೋಣಿ ಮೇಲೆತ್ತಿಕೊಂಡಿತು. ಇವು ನಿಮ್ಮಲ್ಲಿ ಒಂದೊಂದು ಸಾಲಿಗೆ ಮುಗಿದು, ಕುದಿಯುವ ರಕ್ತಕ್ಕೆ ಮಾತ್ರ ಒಂದೂವರೆ ಪುಟ ಸಿಕ್ಕಿದೆ. ಗಿಫರ್ಡ್ 1940ರ ಮೇ ತಿಂಗಳಲ್ಲಿ ಬೇರೊಂದು ಸ್ಕ್ವಾಡ್ರನ್ನಿನ ನಾಯಕನಾಗಿ ಹಾರುತ್ತಿದ್ದಾಗ ಸತ್ತ ಎಂಬುದನ್ನು ಕೊನೆಗೆ ಸೇರಿಸಿದ್ದೀರಿ. ಅದು ಇರಲಿ, ಅದರ ಬೆನ್ನಿಗಿರುವ ‘ಅಮರನಾದನು’ ಎಂಬುದನ್ನು ಹೊಡೆದುಹಾಕಿ.

ಪ್ರತಿಯನ್ನು ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಮೊದಲ ಪುಟವನ್ನು ವಕೀಲರ ಕಚೇರಿಯಿಂದ ಆರಂಭಿಸಿ, ಮೂರನೆಯ ಪುಟವನ್ನು ಗಡಿಯಾರ ಎದುರಿಗಿಟ್ಟುಕೊಂಡು ಮತ್ತೆ ಬರೆದು, ನನಗೇ ಕಳುಹಿಸಿ.