ಕ್ಲಾಸಿನ ಹುಡುಗಿಯ ಫೋಟೊ ಸ್ಟಿಕ್ಕರ್ ಆಗಿದೆ, ಮಕ್ಕಳಿಗೆ ಹೇಗೆ ತಿಳಿಹೇಳಲಿ?

ಪ್ರಶ್ನೆ: ನಾನು ಹೊಳಲ್ಕೆರೆ ಕಡೆಯ ಹೈಸ್ಕೂಲಿನಲ್ಲಿ ಟೀಚರ್. ಚಿತ್ರದುರ್ಗದ ಕೋಟೆಗೆ ಟ್ರಿಪ್ ಹೋದಾಗ ತೆಗೆದ ಫೋಟೊದಿಂದ ಒಬ್ಬ ಹುಡುಗಿಯ ಮುಖ ಕತ್ತರಿಸಿ, ಒಂಬತ್ತನೇ ಕ್ಲಾಸಿನ ಹುಡುಗರು ವಾಟ್ಸಾಪ್ ಸ್ಟಿಕ್ಕರ್ ಮಾಡಿ ಹಂಚಿದ್ದಾರೆ. ಅವಳು ಶಾಲೆಗೇ ಬರ್ತಿಲ್ಲ. ಮೊಬೈಲ್ ಮುಟ್ಟಬೇಡಿ ಅಂತ ಬೈದರೆ ಸಾಕಾ?

ಉತ್ತರ: ಮೇಡಂ, ಮೊದಲು ಆ ಹುಡುಗಿ, ಆಮೇಲೆ ಪಾಠ. ಅವಳ ಮನೆಗೆ ಹೋಗಿ, ತಪ್ಪು ಅವಳದಲ್ಲ ಅಂತ ಅಪ್ಪ ಅಮ್ಮನ ಎದುರೇ ಹೇಳಿ. ಇಂಥದ್ದು ಮನೆಗೆ ಗೊತ್ತಾದಾಗ ಎಷ್ಟೋ ಸಲ ಹುಡುಗಿಯ ಓದೇ ನಿಲ್ಲುತ್ತದೆ, ಅದಕ್ಕೇ ಹೇಳ್ತಿದ್ದೇನೆ. ಪ್ರಾರ್ಥನೆ ಹೊತ್ತಿನಲ್ಲಿ ಎಲ್ಲರ ಮುಂದೆ ಈ ವಿಷಯ ಎತ್ತಲೇಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಡಿಲೀಟ್ ಮಾಡಿಸಿ. ಆದರೆ ಚಿತ್ರವನ್ನು ಅಶ್ಲೀಲವಾಗಿ ತಿದ್ದಿದ್ದರೆ ಸ್ಕ್ರೀನ್‌ಶಾಟ್ ಕೂಡ ಬೇಡ. ಮಕ್ಕಳ ಅಂಥ ಚಿತ್ರ ಡೌನ್‌ಲೋಡ್ ಮಾಡುವುದು, ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಆಗ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ.

ಬೈದರೆ ಏನಾಗುತ್ತೆ ಗೊತ್ತಾ? ಮುಂದಿನ ಸಲ ಮಕ್ಕಳು ನಿಮಗೆ ಹೇಳುವುದಿಲ್ಲ, ಅಷ್ಟೇ.

ಬದಲಿಗೆ, ಸ್ಟಿಕ್ಕರ್ ಮಾಡಿದವರನ್ನು ಬೇರೆಯಾಗಿ ಕೂರಿಸಿ, ಯಾರ್‍ಯಾರಿಗೆ ಕಳಿಸಿದಿರಿ, ಅವರು ಯಾರಿಗೆ ಕಳಿಸಿದರು ಅಂತ ಬರೆಸಿ, ಒಬ್ಬೊಬ್ಬರ ಹತ್ತಿರವೂ ಹೋಗಿ ಅಳಿಸಿಬಿಡು ಅಂತ ಅವರೇ ಕೇಳಲಿ. ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದರೆ ಎಲ್ಲಾ ಹೋಯ್ತು ಅಂದುಕೊಂಡಿರುತ್ತಾರೆ. ಸುಮಾರು ಎರಡು ದಿನ ಕಳೆದರೆ ಅದೂ ಆಗಲ್ಲ. ಅಳಿಸಿದರೂ ಯಾರೋ ಫೇವರಿಟ್‌ಗೆ ಸೇರಿಸಿಕೊಂಡಿದ್ದು, ಮುಂದಕ್ಕೆ ಕಳಿಸಿದ್ದು ಹಾಗೇ ಇರುತ್ತದೆ. ಆ ಪಟ್ಟಿ ಬೆಳೆಯುತ್ತಾ ಹೋಗುವುದನ್ನು ಅವರ ಕಣ್ಣಾರೆ ನೋಡಿದರೆ ಸಾಕು, ನೀವು ಜಾಸ್ತಿ ಮಾತಾಡಬೇಕಾಗಿಲ್ಲ.

ಇಡೀ ಕ್ಲಾಸಿಗೆ ಒಂದು ಪೀರಿಯಡ್ ಇಟ್ಟುಕೊಳ್ಳಿ. ನಿಜವಾದ ವಿದ್ಯಾರ್ಥಿಯ ಅಕೌಂಟ್ ಮಾತ್ರ ತೆರೆಯಬೇಡಿ. ಇಲ್ಲದ ಒಬ್ಬ ಹುಡುಗನ ಪೋಸ್ಟ್‌ಗಳನ್ನು ನೀವೇ ಹಾಳೆ ಮೇಲೆ ಬರೆಯಿರಿ: ಯೂನಿಫಾರ್ಮ್ ಹಾಕಿದ ಸೆಲ್ಫಿ, ಟ್ಯೂಷನ್ ಬೋರ್ಡ್ ಮುಂದೆ ಸೈಕಲ್, ಹುಟ್ಟುಹಬ್ಬದ ಕೇಕು, ‘ದಾವಣಗೆರೆ ದುಗ್ಗಮ್ಮನ ಜಾತ್ರೆಗೆ ಮನೆಮಂದಿಯೆಲ್ಲಾ ಹೊರಟ್ವಿ’ ಅನ್ನೋ ಸ್ಟೇಟಸ್. ಇವನು ಓದೋದು ಎಲ್ಲಿ, ಸಂಜೆ ಎಲ್ಲಿ ಸಿಗ್ತಾನೆ, ಮನೆ ಯಾವಾಗ ಖಾಲಿ ಅಂತ ಗುಂಪಾಗಿ ಪತ್ತೆ ಮಾಡಲಿ. ಹತ್ತು ನಿಮಿಷದಲ್ಲಿ ಎಲ್ಲಾ ಹೇಳ್ತಾರೆ! ಆಮೇಲೆ ಅವರವರ ಸ್ಟೇಟಸ್ ಅವರೇ ಮನಸ್ಸಿನಲ್ಲಿ ನೋಡಿಕೊಳ್ಳುತ್ತಾರೆ. ಸ್ಟೋರಿ 24 ಗಂಟೆಗೆ ಮಾಯವಾದರೂ ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರಬಹುದು ಅನ್ನೋದನ್ನೂ ಆಗಲೇ ಹೇಳಿ.

ಇನ್ನೊಂದು ಮಾತು, ಇದು ನಿಮಗೂ ನಿಮ್ಮ ಹೆಡ್‌ಮಾಸ್ಟರಿಗೂ. ಮಕ್ಕಳ ಗುರುತನ್ನು ನೆಟ್‌ಗೆ ಹಾಕುವುದರಲ್ಲಿ ನಮ್ಮ ಶಾಲೆಗಳೇ ಮುಂದಿವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡೋಕೆ ಬೇಕಾಗಿರೋದು ರಿಜಿಸ್ಟರ್ ನಂಬರ್ ಮತ್ತು ಹುಟ್ಟಿದ ದಿನಾಂಕ. ಹಾಲ್ ಟಿಕೆಟ್ ಫೋಟೊ ಒಂದು ಕಡೆ, ಹುಟ್ಟುಹಬ್ಬದ ಶುಭಾಶಯ ಇನ್ನೊಂದು ಕಡೆ ಇದ್ದರೆ ಯಾರು ಬೇಕಾದರೂ ಆ ಮಗುವಿನ ಅಂಕ ತೆಗೆದು ನೋಡಬಹುದು, ಅಲ್ವಾ? 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲಾ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಹಾಗಾಗಿ ಶಾಲೆಯ ಪೇಜ್ ನೋಡಿಕೊಳ್ಳುವವರ ಜೊತೆ ಕೂತು, ಹಳೆಯ ಹಾಲ್ ಟಿಕೆಟ್, ಅಂಕಪಟ್ಟಿ ಫೋಟೊಗಳನ್ನು ಈ ವಾರವೇ ತೆಗೆಸಿ.